1860ರ ಎರಡು ಮದುವೆಗಳು



ಪ್ರತಿ ವರ್ಷ ಡಿಸೆಂಬರ್ 17ರಂದು ಬಲಿಪೂಜೆಯಲ್ಲಿ ನಾವು ಓದುವ ಶುಭಸಂದೇಶ, ಸಂತ ಮತ್ತಾಯರು ಬರೆದ ಯೇಸುಸ್ವಾಮಿಯ ವಂಶಾವಳಿ. ಕ್ರಿಸ್ತಜಯಂತಿಯ ಜಾಗರಣೆಯ ಪೂಜೆಗೂ ಅದೇ ವಾಚನವಿದೆ. ಗುರುಗಳಿಗೂ ನಾಲಿಗೆ ತೊಡರುವ ಹೆಸರುಗಳು, ಕೇಳುವವರಿಗೆ ತೂಕಡಿಕೆ. ಆದರೆ ಆ ಪಟ್ಟಿಯ ನಡುವೆ ಪರದೇಶದಿಂದ ಸೊಸೆಯಾಗಿ ಬಂದ ಹೆಂಗಸರಿದ್ದಾರೆ. ರಹಾಬಳು ಜೆರಿಕೊ ಪಟ್ಟಣದವಳು. ರೂತಳು ಮೋವಾಬ್ ನಾಡಿನವಳು. ರೂತಳ ಮದುವೆ ಹೇಗೆ ದಾಖಲಾಯಿತು ಎಂಬುದು ಆಕೆಯ ಹೆಸರಿನ ಗ್ರಂಥದ ಕೊನೆಯ ಅಧ್ಯಾಯದಲ್ಲಿದೆ. ಬೋವಜನು ಬೆತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರನ್ನು ಕೂರಿಸಿ, ಅವರ ಎದುರಿಗೆ ಮಾತು ಕೊಡುತ್ತಾನೆ. ಹುಡುಗಿಯ ಹೆಸರು, ಆಕೆ ಹುಟ್ಟಿದ ನಾಡು, ತೀರಿಕೊಂಡ ಮೊದಲ ಗಂಡನ ಹೆಸರು ಮೂರನ್ನೂ ಅಲ್ಲಿ ಹೇಳಲಾಗುತ್ತದೆ. ಇದಕ್ಕೆ ಎದುರಾಗಿ ಎಜ್ರನ ಗ್ರಂಥದ ಹತ್ತನೆಯ ಅಧ್ಯಾಯವನ್ನು ತೆರೆದು ನೋಡಿ. ಪರದೇಶದ ಹೆಣ್ಣುಗಳನ್ನು ಮದುವೆಯಾದ ನೂರಕ್ಕೂ ಹೆಚ್ಚು ಗಂಡಸರ ಹೆಸರು ಅಲ್ಲಿದೆ. ಆ ಹೆಣ್ಣುಗಳಲ್ಲಿ ಒಬ್ಬಳ ಹೆಸರೂ ಇಲ್ಲ.

ದಾಖಲೆ ಎಂದರೆ ಹೀಗೇ. ಬರೆಯುವವರಿಗೆ ಬೇಕಾದದ್ದು ಉಳಿಯುತ್ತದೆ.

ಈ ವಿಷಯ ಈಗೇಕೆಂದರೆ, ಹಳೆಯ ಮದುವೆ ಪುಸ್ತಕ ನೋಡಬೇಕೆಂದು ಕೇಳುವ ಕುಟುಂಬಗಳು ಹೆಚ್ಚುತ್ತಿವೆ. ಕೆಲವರಿಗೆ ವೀಸಾ ಕಾಗದಕ್ಕೆ ಬೇಕು, ಕೆಲವರಿಗೆ ಬರೀ ಕುತೂಹಲ. ಮುತ್ತಜ್ಜ ಇಂಗ್ಲಿಷರವನಂತೆ, ಐರಿಷ್ ಸೈನಿಕನಂತೆ, ರೈಲ್ವೆಯಲ್ಲಿದ್ದನಂತೆ ಎಂಬ ಮಾತು ಮನೆಯಲ್ಲಿ ಉಳಿದಿರುತ್ತದೆ. ಜೋಗಿಮಟ್ಟಿಯ ಬುಡದಲ್ಲಿರುವ ನಮ್ಮ ದುರ್ಗಕ್ಕೂ ಅಂಥ ನಂಟು ಇದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಇಲ್ಲಿ ಕೆಲಕಾಲ ಬ್ರಿಟಿಷರ ಸೈನ್ಯ ಬೀಡುಬಿಟ್ಟಿತ್ತು; ಹವೆ ಒಗ್ಗಲಿಲ್ಲವೆಂದು ಮುಂದೆ ತೆಗೆದರು. ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟೆ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು; ಆಗಲೂ ಹೊರಗಿನ ಜನ ಬಂದರು. ಆದ್ದರಿಂದ ವಿಕ್ಟೋರಿಯಾ ರಾಣಿಯ ಕಾಲದ, ಅಂದರೆ 1837ರಿಂದ 1901ರವರೆಗಿನ ದಾಖಲೆಗಳಲ್ಲಿ ಇಂಥ ಮದುವೆಗಳನ್ನು ಹುಡುಕುವ ಬಗೆ ತಿಳಿದಿರುವುದು ಒಳ್ಳೆಯದು. ಕನ್ನಡನಾಡಿನ ಎರಡು ಮದುವೆಗಳನ್ನು ಇಟ್ಟುಕೊಂಡು ಅದನ್ನು ಹೇಳುತ್ತೇನೆ. ಎರಡೂ ನಡೆದದ್ದು 1860ರಲ್ಲಿ.

ಮೊದಲನೆಯದು ಕೊಡಗಿನ ರಾಜಕುಮಾರಿ ಗೌರಮ್ಮನದು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿ ಓದಿದವರಿಗೆ ಆಕೆಯ ತಂದೆ ಗೊತ್ತು. 1834ರಲ್ಲಿ ಕಂಪನಿ ಸರ್ಕಾರ ಆತನನ್ನು ಗದ್ದುಗೆಯಿಂದ ಇಳಿಸಿ, ವೇಲೂರಿಗೆ, ಅಲ್ಲಿಂದ ಕಾಶಿಗೆ ಕಳುಹಿಸಿತು. ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಗಮನಿಸಿ: ನಾವೆಲ್ಲ ‘ಕೊಡಗಿನ ಗೌರಮ್ಮ’ ಎನ್ನುತ್ತೇವೆ, ಆದರೆ ಆಕೆ ಹುಟ್ಟಿದ ನೆಲ ಕೊಡಗಲ್ಲ. ವಂಶ ಹುಡುಕುವವರು ಮೊದಲು ಎಡವುವುದು ಇಲ್ಲೇ. ಮನೆಯವರು ಹೇಳುವ ಊರು ಮನೆತನದ ಊರು. ಹುಟ್ಟಿದ ಊರು ಬೇರೆ ಇರಬಹುದು.

ಕಂಪನಿಯ ಬಳಿ ಉಳಿದಿದ್ದ ಹಣವನ್ನು ಕೇಳಿ ಪಡೆಯಲು ರಾಜ 1852ರಲ್ಲಿ ಇಂಗ್ಲೆಂಡಿಗೆ ಹೋದ. ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಕ್ರೈಸ್ತಳಾಗಿ ಬೆಳೆಸಬೇಕೆಂದು ರಾಣಿಯನ್ನು ಕೇಳಿಕೊಂಡ. ಅದೇ ವರ್ಷದ ಜೂನ್ 30ರಂದು ಬಕಿಂಗ್‌ಹ್ಯಾಂ ಅರಮನೆಯಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರು ಆಕೆಗೆ ದೀಕ್ಷಾಸ್ನಾನ ಕೊಟ್ಟರು. ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತು ತನ್ನ ಹೆಸರನ್ನು ಆಕೆಗೆ ಕೊಟ್ಟಳು. ಹೀಗೆ ಗೌರಮ್ಮ ವಿಕ್ಟೋರಿಯಾ ಗೌರಮ್ಮಳಾದಳು. ಆಗ ಆಕೆಗೆ ಹನ್ನೊಂದು ತುಂಬಲು ನಾಲ್ಕೇ ದಿನ ಉಳಿದಿತ್ತು. ತಂದೆಯಿಂದ ಬೇರೆಯಾಗಿ ಇಂಗ್ಲಿಷ್ ಮನೆಯಲ್ಲಿ ಬೆಳೆದಳು. ಚಿತ್ರಕಾರ ವಿಂಟರ್‌ಹಾಲ್ಟರ್ ಬರೆದ ಆಕೆಯ ಭಾವಚಿತ್ರ ಇಂದಿಗೂ ಅರಮನೆಯ ಸಂಗ್ರಹದಲ್ಲಿದೆ. ಆ ಮಗುವಿನ ಮನಸ್ಸಿನಲ್ಲಿ ಏನಿತ್ತೋ. ಅದನ್ನು ಯಾವ ಅರಮನೆಯ ಕಾಗದವೂ ಪೂರ್ತಿಯಾಗಿ ಹೇಳಲಾರದು.

ಪಂಜಾಬಿನ ಗದ್ದುಗೆ ಕಳೆದುಕೊಂಡು ಇಂಗ್ಲೆಂಡಿನಲ್ಲಿದ್ದ ದುಲೀಪ್ ಸಿಂಗನೂ ಕ್ರೈಸ್ತನಾಗಿದ್ದ. ಇಬ್ಬರಿಗೂ ಮದುವೆಯಾದರೆ ಚೆನ್ನ ಎಂದು ರಾಣಿಗೆ ಆಸೆ. ದುಲೀಪ್ ಸಿಂಗ್ ಒಪ್ಪಲಿಲ್ಲ. ಆತನ ಪಾಲಕರಾಗಿದ್ದ ಲಾಗಿನ್ ದಂಪತಿಗಳ ಮನೆಯಲ್ಲಿ ಗೌರಮ್ಮನೂ ಕೆಲಕಾಲ ಇದ್ದಳು. ಲೇಡಿ ಲಾಗಿನ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರು ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಮದರಾಸು ಸೈನ್ಯದಲ್ಲಿದ್ದವರು. ಹೆಂಡತಿಯನ್ನು ಕಳೆದುಕೊಂಡಿದ್ದರು, ಗೌರಮ್ಮನಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವರು. 1859ರಲ್ಲಿ ತಂದೆ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಈ ಕ್ಯಾಂಪ್‌ಬೆಲ್ ಅವರೊಂದಿಗೆ ಗೌರಮ್ಮನ ಮದುವೆಯಾಯಿತು. 1861ರಲ್ಲಿ ಹೆಣ್ಣುಮಗು ಎಡಿತ್ ಹುಟ್ಟಿದಳು. 1864ರ ಮಾರ್ಚ್ 30ರಂದು ಗೌರಮ್ಮ ತೀರಿಕೊಂಡಳು, ವಯಸ್ಸು ಇಪ್ಪತ್ತೆರಡು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ. ಇನ್ನು ಮೂರು ವರ್ಷಕ್ಕೆ ಕ್ಯಾಂಪ್‌ಬೆಲ್ ಕಾಣೆಯಾದರು. ಗೌರಮ್ಮನ ಒಡವೆಗಳೂ ಅವರ ಜೊತೆ ಹೋದುವೆಂದು ಹೇಳುತ್ತಾರೆ. ಎಡಿತ್ ಬೆಳೆದು 1882ರಲ್ಲಿ ಹೆನ್ರಿ ಯಾರ್ಡ್ಲಿ ಎಂಬುವರನ್ನು ಮದುವೆಯಾದಳು. ಕೊಡಗಿನ ಸಿ. ಪಿ. ಬೆಳ್ಳಿಯಪ್ಪನವರು ಗೌರಮ್ಮನ ಬದುಕನ್ನು ಹುಡುಕಿ ತೆಗೆದು 2010ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು. ಆ ವಂಶ ಎಡಿತಳ ಮೂಲಕ ಮುಂದುವರಿಯಿತು.

ಈಗ ದಾಖಲೆಯ ವಿಚಾರಕ್ಕೆ ಬರೋಣ. ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ಸರ್ಕಾರಿ ಮದುವೆ ನೋಂದಣಿ ಇದೆ. ಆ ನಮೂನೆಯಲ್ಲಿ ಮದುವೆಯ ದಿನ, ಇಬ್ಬರ ಹೆಸರು, ವಯಸ್ಸು, ಮೊದಲೇ ಮದುವೆಯಾಗಿತ್ತೇ ಇಲ್ಲವೇ ಎಂಬುದು, ವೃತ್ತಿ, ವಾಸದ ಸ್ಥಳ, ಇಬ್ಬರ ತಂದೆಯರ ಹೆಸರು ಮತ್ತು ವೃತ್ತಿ ಇರುತ್ತದೆ. ಹುಟ್ಟಿದ ಊರಿಗೆ ಕಾಲಂ ಇಲ್ಲ. 2021ರವರೆಗೆ ತಾಯಂದಿರ ಹೆಸರಿಗೂ ಇರಲಿಲ್ಲ. ಪರದೇಶದಲ್ಲಿ ಹುಟ್ಟಿದ ವಧು ಆ ಹಾಳೆಯಲ್ಲಿ ಇಂಗ್ಲೆಂಡಿನ ಯಾವುದೋ ಬೀದಿಯ ನಿವಾಸಿ, ಅಷ್ಟೆ. ಬೆತ್ಲೆಹೇಮಿನ ಹಿರಿಯರು ಕೇಳಿಕೊಂಡದ್ದನ್ನು ವಿಕ್ಟೋರಿಯಾ ರಾಣಿಯ ಗುಮಾಸ್ತರು ಕೇಳಲಿಲ್ಲ. ಹುಟ್ಟಿದ ಜಾಗ ಬೇಕಿದ್ದರೆ ಜನಗಣತಿ ನೋಡಬೇಕು. 1841ರ ಗಣತಿಯಲ್ಲಿ ಪರದೇಶದವರಿಗೆ ಪರದೇಶ ಎಂಬ ಒಂದು ಗುರುತು ಮಾತ್ರ. 1851ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಗಣತಿಗಳಲ್ಲಿ ಹುಟ್ಟಿದ ದೇಶವನ್ನು ಬರೆಸಿದ್ದಾರೆ.

ಪೌರತ್ವದ ಕಡತ ಹುಡುಕಿದರೆ ಸಿಗಬಹುದೇ ಎಂದು ಕೇಳುವವರಿದ್ದಾರೆ. ಹೆಂಡತಿಯ ವಿಷಯದಲ್ಲಿ ಸಿಗುವುದು ಕಷ್ಟ. 1844ರ ಕಾನೂನಿನ ಪ್ರಕಾರ ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ಪರದೇಶದ ಹೆಣ್ಣು ಮದುವೆಯ ಕ್ಷಣದಿಂದಲೇ ಬ್ರಿಟಿಷ್ ಪ್ರಜೆ. ಅರ್ಜಿ ಬೇಡ, ಆದ್ದರಿಂದ ಕಡತವೂ ಇಲ್ಲ.

ಇನ್ನೊಂದು ತೊಡಕು ಹೆಸರಿನದು. ನಮ್ಮ ‘ಗೌ’ ಎಂಬ ಒಂದಕ್ಷರವನ್ನು ಇಂಗ್ಲಿಷಿನವರು ಮೂರು ಬಗೆಯಲ್ಲಿ ಬರೆದಿದ್ದಾರೆ. ಒಂದು ಬಗೆಯಲ್ಲಿ ಹುಡುಕಿದರೆ ಇನ್ನೆರಡು ತಪ್ಪಿಹೋಗುತ್ತವೆ. ಚಿತ್ರದುರ್ಗವಂತೂ ಆ ಕಾಲದ ಕಾಗದಗಳಲ್ಲಿ ಚಿತಲ್‌ಡ್ರೂಗ್. ಹೆಸರು ಬಾಯಲ್ಲಿ ಹೇಳಿಕೊಂಡು, ಇಂಗ್ಲಿಷ್ ಕಿವಿಗೆ ಅದು ಹೇಗೆ ಕೇಳಿಸೀತು ಎಂದು ಯೋಚಿಸಿ ಹುಡುಕಬೇಕು. ‘ಆಂಗ್ಲೋ ಇಂಡಿಯನ್’ ಎಂಬ ಪದವೂ ಮೋಸ ಮಾಡುತ್ತದೆ. ವಿಕ್ಟೋರಿಯಾ ಕಾಲದಲ್ಲಿ ಅದು ಭಾರತದಲ್ಲಿ ವಾಸವಿದ್ದ ಬ್ರಿಟಿಷರಿಗೆ ಹೇಳುತ್ತಿದ್ದ ಮಾತು. ಇಬ್ಬರು ಜನಾಂಗದ ಸಂತತಿಯನ್ನು ಯುರೇಷಿಯನ್ ಎನ್ನುತ್ತಿದ್ದರು. 1911ರ ಜನಗಣತಿಯಿಂದ ಈಚೆಗೆ ಅರ್ಥ ಬದಲಾಯಿತು.

ಮದುವೆ ನಮ್ಮ ನಾಡಿನಲ್ಲೇ ನಡೆದಿದ್ದರೆ ದಾರಿ ಬೇರೆ. ಇಲ್ಲಿನ ದೇವಾಲಯಗಳಲ್ಲಿ ನಡೆದ ಯುರೋಪಿಯನ್ನರ ಮತ್ತು ಯುರೇಷಿಯನ್ನರ ದೀಕ್ಷಾಸ್ನಾನ, ಮದುವೆ, ಸಮಾಧಿ ವಿವರಗಳ ನಕಲುಗಳು ಆಯಾ ಪ್ರೆಸಿಡೆನ್ಸಿಯ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಮೈಸೂರು, ಬೆಂಗಳೂರು, ಕೊಡಗಿನವನ್ನು ಮದರಾಸಿನ ಕಟ್ಟುಗಳಲ್ಲಿ ಹುಡುಕಬೇಕು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಮದರಾಸಿನವು 1698ರಿಂದ 1948ರವರೆಗಿನವು. ಕಥೋಲಿಕರ ಮದುವೆಗಳೂ ಅದರಲ್ಲಿ ಸೇರಿವೆ. 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ರೋಮನ್ ಕಥೋಲಿಕ ಗುರುಗಳು ಮಾಡಿಸಿದ ಮದುವೆಗೆ ಪ್ರತ್ಯೇಕ ಕಲಮೇ ಇದೆ. ಯಾವ ನಮೂನೆಯಲ್ಲಿ ಬರೆಯಬೇಕೆಂದು ಹೇಳುವವರು ಆಯಾ ಧರ್ಮಾಧ್ಯಕ್ಷರು. ಬರೆದದ್ದರ ವಿವರವನ್ನು ಮೂರು ತಿಂಗಳಿಗೊಮ್ಮೆ ಸರ್ಕಾರಕ್ಕೆ ಕಳುಹಿಸಬೇಕು. ಆದರೆ ಒಂದು ಮಾತು ನೆನಪಿರಲಿ. ಲಂಡನ್ನಿನಲ್ಲಿರುವುದು ನಕಲು. ನಕಲು ಮಾಡಿದವರಿಗೆ ನಮ್ಮ ಹೆಸರುಗಳು ಅರ್ಥವಾಗುತ್ತಿರಲಿಲ್ಲ, ಜಾಗವೂ ಕಡಿಮೆ. ಮೂಲ ಇರುವುದು ನಮ್ಮ ದೇವಾಲಯದ ಕಪಾಟಿನಲ್ಲಿ. ಲಂಡನ್ನಿನ ಪ್ರತಿ ಕೈಗೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸುವವರು ಅರ್ಧ ದಾರಿಯಲ್ಲಿ ನಿಂತಂತೆ.

ಆ ಕಪಾಟಿನ ಪುಸ್ತಕದ ಬಗ್ಗೆ ನಮ್ಮ ಜನರಿಗೆ ತಿಳಿದಿರುವುದು ಕಡಿಮೆ. ವಿಚಾರಣಾ ಗುರು ಮತ್ತು ಸಾಕ್ಷಿಗಳ ಎದುರಿಗೆ ಮದುವೆಯಾಗಬೇಕು, ಗುರುಗಳು ಅದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂದು ತ್ರೆಂತ್ ಮಹಾಸಭೆ 1563ರಲ್ಲಿ ಆಜ್ಞೆ ಮಾಡಿತು. ನಮ್ಮ ಕಡೆ ಫ್ರೆಂಚ್ ಮಿಷನರಿ ಗುರುಗಳು ಲತೀನಿನಲ್ಲಿ ಬರೆದರು. ಅದರಲ್ಲಿ ಪೇತ್ರುಸ್ ಎಂದಿದ್ದರೆ ಮನೆಯಲ್ಲಿ ರಾಯಪ್ಪ; ಪೌಲುಸ್ ಎಂದಿದ್ದರೆ ಚಿನ್ನಪ್ಪ; ಯೊವಾನ್ನೆಸ್ ಎಂದಿದ್ದರೆ ಅರುಳಪ್ಪನೂ ಆಗಬಹುದು, ಐರ್ಲೆಂಡಿನ ಜಾನ್ ಕೂಡ ಆಗಬಹುದು. ವಿಧವೆಗೆ ‘ರೆಲಿಕ್ತಾ’ ಎಂಬ ಮಾತು. ವಧುವರರಲ್ಲಿ ಒಬ್ಬರು ಬೇರೆ ಕ್ರೈಸ್ತ ಸಭೆಯವರಾಗಿದ್ದರೆ, ಅಥವಾ ದೀಕ್ಷಾಸ್ನಾನ ಆಗದವರಾಗಿದ್ದರೆ, ಧರ್ಮಾಧ್ಯಕ್ಷರಿಂದ ವಿನಾಯಿತಿ ಪಡೆಯಬೇಕಿತ್ತು. ಆ ಒಂದು ಸಾಲನ್ನು ಹುಡುಕಿ. ಪರನಾಡಿನ ಗಂಡ ಪ್ರೊಟೆಸ್ಟೆಂಟನೋ, ವಧು ಹಿಂದೂ ಮನೆಯವಳೋ ಎಂಬ ಸುಳಿವು ಸರ್ಕಾರಿ ನಮೂನೆಯಲ್ಲಿ ಇಲ್ಲದಿದ್ದರೂ ಇಲ್ಲಿ ಸಿಗುತ್ತದೆ.

ಇಂದು ನಿಮ್ಮ ಮದುವೆಯಾದರೆ ಅದನ್ನು ನೀವು ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರಕ್ಕೂ ತಿಳಿಸುತ್ತೇವೆ. ಅಲ್ಲಿನ ಪುಸ್ತಕದಲ್ಲಿ ನಿಮ್ಮ ಹೆಸರಿನ ಪಕ್ಕ ಬರೆದುಕೊಳ್ಳುತ್ತಾರೆ. ಈ ಪದ್ಧತಿಯನ್ನು ಇಡೀ ಧರ್ಮಸಭೆಗೆ ಕಡ್ಡಾಯ ಮಾಡಿದ್ದು 1907ರಲ್ಲಿ ಹೊರಟು 1908ರ ಪಾಸ್ಕ ಹಬ್ಬದಿಂದ ಜಾರಿಗೆ ಬಂದ ‘ನೇ ತೆಮೆರೆ’ ಎಂಬ ಆಜ್ಞೆ. ವಿಕ್ಟೋರಿಯಾ ಕಾಲದ ಮದುವೆಗಳು ಅದಕ್ಕಿಂತ ಹಿಂದಿನವು. ಆದ್ದರಿಂದ ಆ ಕಾಲದವರ ದೀಕ್ಷಾಸ್ನಾನದ ಸಾಲಿನ ಪಕ್ಕ ಖಾಲಿ ಇದ್ದರೆ ಮದುವೆಯಾಗಲಿಲ್ಲ ಎಂದು ಅರ್ಥ ಮಾಡಬೇಡಿ. ಮದುವೆ ಪುಸ್ತಕವನ್ನು ಪುಟ ಪುಟವಾಗಿ ತಿರುವುವುದೊಂದೇ ದಾರಿ.

ಯಾವ ಊರಿಗೆ ಹೋಗಬೇಕು ಎಂಬುದಕ್ಕೂ ಸ್ವಲ್ಪ ಇತಿಹಾಸ ಬೇಕು. ನಮ್ಮದು ಇಂದು ಶಿವಮೊಗ್ಗ ಧರ್ಮಪ್ರಾಂತ್ಯ, 1988ರಿಂದ. ಅದಕ್ಕೆ ಮುಂಚೆ 1963ರಿಂದ ಚಿಕ್ಕಮಗಳೂರು. ಅದಕ್ಕೂ ಹಿಂದೆ ಮೈಸೂರು. 1850ರಲ್ಲಿ ಪ್ರತ್ಯೇಕ ಪ್ರಾಂತ್ಯವಾಗಿ, 1886ರಲ್ಲಿ ಧರ್ಮಪ್ರಾಂತ್ಯವಾಯಿತು. ಇನ್ನೂ ಹಿಂದಕ್ಕೆ ಹೋದರೆ ಪುದುಚೇರಿ. ದೇವಾಲಯ ಹೊಸದು ಎಂಬ ಕಾರಣಕ್ಕೆ ದಾಖಲೆ ಇಲ್ಲ ಎನ್ನುವಂತಿಲ್ಲ. ಆ ಕಾಲದಲ್ಲಿ ಇಲ್ಲಿಗೆ ಬಂದು ಹೋಗುತ್ತಿದ್ದ ಗುರುಗಳು ತಮ್ಮ ಮೂಲ ಕೇಂದ್ರದ ಪುಸ್ತಕದಲ್ಲಿ ಬರೆದಿರಬಹುದು.

ಇನ್ನು ಎರಡನೆಯ ಮದುವೆ. ಇದರಲ್ಲಿ ದಿಕ್ಕು ತಿರುಗಿದೆ: ಗಂಡ ನಮ್ಮವನು, ಹೆಂಡತಿ ಪರದೇಶದವಳು. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆಯಲ್ಲಿ ಹುಟ್ಟಿದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದು ಹೆರ್ಮನ್ ಎಂಬ ಹೆಸರು ಸೇರಿಸಿಕೊಂಡರು. ಅದು ಅವರ ಗುರು ಹೆರ್ಮನ್ ಮೋಗ್ಲಿಂಗರ ಹೆಸರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗರು ಇವರೇ. ಕೌಂಡಿನ್ಯರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣಕ್ಕೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಅವರಿಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಗಿತ್ತು. ಅವರು ಕ್ರೈಸ್ತರಾದ ಮೇಲೆ ಆ ಹೆಣ್ಣುಮಗಳು ಅವರ ಜೊತೆ ಬಾಳಲು ಬರಲಿಲ್ಲ. 1860ರಲ್ಲಿ ಅವರು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬುವರನ್ನು ಮದುವೆಯಾದರು. ಕೊಡಗಿನ ಆನಂದಪುರದ ಕ್ರೈಸ್ತ ಸಭೆಯೊಂದಿಗೆ ಅವರ ಹೆಸರು ಸೇರಿಕೊಂಡಿದೆ. 1893ರಲ್ಲಿ ತೀರಿಕೊಂಡರು.

ಗಂಡ ಬಿಳಿಯ, ಹೆಂಡತಿ ಇಲ್ಲಿಯವಳು ಎಂಬ ಮದುವೆಗಳು ಆ ಕಾಲದಲ್ಲಿ ಸಾಕಷ್ಟಿದ್ದವು. ಹೀಗೆ ತಿರುಗಾಮುರುಗಾ ಆದದ್ದು ಅಪರೂಪ. ಇಂಥ ಮದುವೆಯನ್ನು ಲಂಡನ್ನಿನ ಕಟ್ಟುಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಬಾಸೆಲ್ ಮಿಷನ್ನಿನವರು ಮದುವೆಯಾಗಬೇಕಾದರೆ ಬಾಸೆಲ್ಲಿನ ಆಡಳಿತ ಸಮಿತಿಯ ಅಪ್ಪಣೆ ಬೇಕಿತ್ತು. ಅಪ್ಪಣೆ ಎಂದ ಮೇಲೆ ಪತ್ರ, ಪತ್ರವೆಂದ ಮೇಲೆ ಕಡತ. ಮಿಷನ್ನಿನ ಪ್ರತಿಯೊಬ್ಬ ಸಹೋದರನಿಗೂ ಒಂದು ಸಂಖ್ಯೆ ಕೊಟ್ಟು ಇಟ್ಟ ಕಾಗದಗಳು ಬಾಸೆಲ್ಲಿನಲ್ಲಿ ಈಗಲೂ ಜೋಪಾನವಾಗಿವೆ. ಮಿಷನ್ನಿಗೆ ಬಹಳ ಮಂದಿಯನ್ನು ಕೊಟ್ಟ ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ 1808ರಿಂದಲೇ ಪ್ರತಿ ದೇವಾಲಯದಲ್ಲೂ ಕುಟುಂಬಕ್ಕೊಂದು ಪುಟದಂತೆ ಪುಸ್ತಕ ಇಡುತ್ತಿದ್ದರು: ಅಪ್ಪ, ಅಮ್ಮ, ಮಕ್ಕಳು, ಯಾರು ಎಲ್ಲಿಗೆ ಹೋದರು ಎಂಬುದೆಲ್ಲ ಒಂದೇ ಕಡೆ. ನಮ್ಮಲ್ಲೂ ಹಾಗೆ ಇದ್ದಿದ್ದರೆ ಗುರುಗಳ ಕೆಲಸ ಎಷ್ಟು ಹಗುರವಾಗುತ್ತಿತ್ತು!

ಕೌಂಡಿನ್ಯರ ಮೊದಲ ಮದುವೆಯ ವಿಷಯವನ್ನು ಹಾಗೇ ದಾಟಿಹೋಗಲು ಮನಸ್ಸು ಬಾರದು. ಗಂಡ ಕ್ರೈಸ್ತನಾದ, ಹೆಂಡತಿ ಆಗಲಿಲ್ಲ. ಹೀಗಾದಾಗ ಏನು ಮಾಡಬೇಕೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಏಳನೆಯ ಅಧ್ಯಾಯದಲ್ಲೇ ಹೇಳಿದ್ದಾರೆ. ನಮ್ಮ ಧರ್ಮಸಭೆಯಲ್ಲಿ ಅದರ ಮೇಲೆ ಕಟ್ಟಿದ ನಿಯಮವಿದೆ: ಜೊತೆಯಲ್ಲಿ ಬಾಳಲು ಇಷ್ಟವಿದೆಯೇ ಎಂದು ಆ ಇನ್ನೊಬ್ಬರನ್ನು ಮೊದಲು ಕೇಳಬೇಕು. ಸರ್ಕಾರದ ಕಾನೂನು ಬಂದದ್ದು 1866ರಲ್ಲಿ, ಮತಾಂತರಗೊಂಡವರ ವಿವಾಹ ವಿಸರ್ಜನೆಯ ಕಾಯ್ದೆಯಾಗಿ. ಹಳೆಯ ಪುಸ್ತಕದಲ್ಲಿ ಹೀಗೆ ಕೇಳಿದ್ದರ ಉಲ್ಲೇಖ ಕಂಡರೆ, ಅದರ ಹಿಂದೆ ಉತ್ತರ ಕೊಟ್ಟ ಒಬ್ಬ ಹೆಣ್ಣುಮಗಳಿದ್ದಾಳೆ, ಆಕೆಗೂ ಒಂದು ಮನೆ ಇತ್ತು ಎಂದು ತಿಳಿಯಿರಿ. ವಂಶವೃಕ್ಷದಲ್ಲಿ ಆಕೆಗೆ ಕೊಂಬೆ ಇರುವುದಿಲ್ಲ.

ನನಗೆ ಬೇಸರ ತರುವ ಒಂದು ಸಂಗತಿ ಇದೆ; ಬಿಚ್ಚಿ ಹೇಳಿಬಿಡುತ್ತೇನೆ. ಹಳೆಯ ಪುಸ್ತಕ ಕೇಳಿ ಬರುವವರು ಹುಡುಕುವುದು ಬಿಳಿಯ ಮುತ್ತಜ್ಜನನ್ನು. ಆತ ಯಾವ ಪಲ್ಟಣದವನು, ಆತನ ಊರು ಯಾವುದು, ಅಲ್ಲಿ ಈಗಲೂ ನಂಟರಿರಬಹುದೇ? ಆತನ ಕೈಹಿಡಿದ ಹೆಂಗಸು ಯಾರು ಎಂದು ಕೇಳುವವರು ಅಪರೂಪ. ಕೇಳಿದರೂ, “ಅವಳು ಇಲ್ಲಿಯವಳೇ ಇರಬೇಕು ಬಿಡಿ ಫಾದರ್” ಎನ್ನುತ್ತಾರೆ. ಆತನ ಕಣ್ಣಿನಲ್ಲಿ ಪರದೇಶದ ಹೆಂಡತಿ ಆಕೆಯೇ ಅಲ್ಲವೇ? ಹಲವು ಸಲ ಮದುವೆಗೆ ಸ್ವಲ್ಪ ಮುಂಚೆ ಆಕೆಗೆ ದೀಕ್ಷಾಸ್ನಾನವಾಗಿ, ಮರಿಯಾ ಎಂದೋ ಅನ್ನಾ ಎಂದೋ ಹೆಸರಾಗಿರುತ್ತದೆ. ಮದುವೆಯ ಸಾಲಿನಲ್ಲಿ ಆ ಹೊಸ ಹೆಸರು ಮಾತ್ರ. ತಂದೆಯ ಹೆಸರಿನ ಜಾಗ ಖಾಲಿ. ಗೌರಮ್ಮನಿಗೆ ರಾಣಿ ಜ್ಞಾನತಾಯಿ, ಆದ್ದರಿಂದ ವಿಕ್ಟೋರಿಯಾದ ಪಕ್ಕದಲ್ಲಿ ಗೌರಮ್ಮ ಉಳಿಯಿತು. ರಾಜನ ಮಗಳಲ್ಲದವಳ ಹಳೆಯ ಹೆಸರನ್ನು ಉಳಿಸುವವರು ಯಾರು?

ಅದಕ್ಕೇ ನಾನು ಹೇಳುವ ಕ್ರಮ ಇದು. ಮದುವೆಯ ಸಾಲು ಸಿಕ್ಕಿದ ಮೇಲೆ ಅದೇ ದೇವಾಲಯದ ದೀಕ್ಷಾಸ್ನಾನದ ಪುಸ್ತಕ ತೆಗೆದು, ಮದುವೆಯ ದಿನದಿಂದ ಹಿಂದಕ್ಕೆ ಒಂದೆರಡು ವರ್ಷದ ಪುಟಗಳನ್ನು ನೋಡಿ. ದೊಡ್ಡವರ ದೀಕ್ಷಾಸ್ನಾನವಾದರೆ ವಯಸ್ಸು ಬರೆದಿರುತ್ತಾರೆ. ಅಲ್ಲಿ ಊರಿನ ಹೆಸರು, ಹಳೆಯ ಹೆಸರು, ಹೆತ್ತವರ ಹೆಸರು ಸಿಗುವ ಸಂಭವ ಹೆಚ್ಚು. ಜ್ಞಾನತಾಯಿಯ ಹೆಸರನ್ನೂ ಬರೆದುಕೊಳ್ಳಿ. ಆಕೆ ನೆರೆಯವಳೋ ಮೊದಲೇ ಕ್ರೈಸ್ತಳಾದ ನೆಂಟಳೋ ಆಗಿರಬಹುದು, ಆಕೆಯ ಮೂಲಕ ತವರಿನ ದಾರಿ ತಿಳಿಯುತ್ತದೆ. ಆಮೇಲೆ ಮಕ್ಕಳ ದೀಕ್ಷಾಸ್ನಾನದ ಸಾಲುಗಳು. ಮೊದಲ ಮಗುವಿಗೆ ಬರೀ ಮರಿಯಾ ಎಂದು ಬರೆದ ಗುರುಗಳು, ಮೂರನೆಯ ಮಗುವಿನ ಹೊತ್ತಿಗೆ ಕುಟುಂಬದ ಪರಿಚಯವಾಗಿ ತಾಯಿಯ ಊರನ್ನೂ ಸೇರಿಸಿರುವುದುಂಟು.

ಪುಸ್ತಕ ನೋಡಲು ಬರುವ ಮುಂಚೆ ಮನೆಯಲ್ಲಿರುವ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಮಾತನಾಡಿಸಿ. ಮುತ್ತಜ್ಜಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು, ಆಕೆಗೆ ಯಾವ ಭಾಷೆ ಬರುತ್ತಿತ್ತು, ಹಬ್ಬಕ್ಕೆ ಯಾವ ಅಡುಗೆ ಮಾಡುತ್ತಿದ್ದಳು, ಯಾವ ಊರಿನ ಜಾತ್ರೆಯ ಮಾತು ಆಡುತ್ತಿದ್ದಳು ಎಂದು ಕೇಳಿ, ಕಾಗದದ ಮೇಲೆ ಬರೆದುಕೊಂಡು ಬನ್ನಿ. ಹಳೆಯ ಪುಸ್ತಕಗಳ ಹಾಳೆ ಮುಟ್ಟಿದರೆ ಪುಡಿಯಾಗುವಂತಿರುತ್ತದೆ, ಆದ್ದರಿಂದ ಮೊದಲೇ ತಿಳಿಸಿ, ಪೂಜೆಯಿಲ್ಲದ ಹೊತ್ತಿನಲ್ಲಿ ಬಂದರೆ ಗುರುಗಳ ಜೊತೆ ಕೂತು ನಿಧಾನವಾಗಿ ಪುಟ ತಿರುವಬಹುದು.